ಸರಾಸರಿಯಲ್ಲಿ ಸಿಗದ ಎರಡು ಸೆಕೆಂಡು

ಮದುವೆ ಮನೆಯಲ್ಲೋ ಬಸ್ಸಿನಲ್ಲೋ ಯಾರಾದರೂ 'ನಿಮ್ಮ ಕೆಲಸ ಏನು?' ಎಂದು ಕೇಳಿದರೆ ಉತ್ತರ ಹೇಳುವುದು ನನಗೆ ಇವತ್ತಿಗೂ ಕಷ್ಟ. 'ಸಾಫ್ಟ್‌ವೇರ್' ಎಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ. ಬೆಂಗಳೂರಿನಲ್ಲಿ ಇರುವವರೆಲ್ಲ ಸಾಫ್ಟ್‌ವೇರ್ ತಾನೇ ಎಂದು ಸುಮ್ಮನಾಗುತ್ತಾರೆ. ಕೆದಕಿ ಕೇಳುವವರಿಗೆ ಮಾತ್ರ ನಿಜ ಹೇಳುತ್ತೇನೆ: ಕಂಪ್ಯೂಟರುಗಳು ಎಷ್ಟು ಹೊತ್ತು ಕಾಯುತ್ತವೆ ಎಂದು ಅಳೆಯುವುದು ನನ್ನ ಕೆಲಸ. ಒಬ್ಬ ಹಿರಿಯರು ನಕ್ಕು, 'ಕಾಯೋದಕ್ಕೂ ಸಂಬಳ ಕೊಡ್ತಾರೇನಮ್ಮ?' ಎಂದಿದ್ದರು. 'ನಾವು ಕಾಯೋದಲ್ಲ ಸಾರ್, ಕಾಯೋದನ್ನ ಅಳೆಯೋದು' ಎಂದೆ. ಅವರಿಗೆ ಅದು ಇನ್ನೂ ವಿಚಿತ್ರವಾಗಿ ಕಂಡಿತು.

ವಿಷಯ ಇಷ್ಟೇ. ಮನೆಯ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಒಳಗೇ ಇರುತ್ತದೆ. ಬ್ಯಾಂಕು, ಆಸ್ಪತ್ರೆ, ವಿದ್ಯುತ್ ಬಿಲ್ ಕಚೇರಿಗಳಲ್ಲಿ ಹಾಗಲ್ಲ. ಲೆಕ್ಕ ಮಾಡುವ ಸರ್ವರುಗಳು ಒಂದು ಕಡೆ, ಮಾಹಿತಿ ತುಂಬಿದ ಡಿಸ್ಕುಗಳ ದೊಡ್ಡ ಪೆಟ್ಟಿಗೆ ಇನ್ನೊಂದು ಕಡೆ. ನಡುವೆ ಗಾಜಿನ ಎಳೆಯ ಕೇಬಲ್ಲುಗಳು, ಸ್ವಿಚ್ಚುಗಳು. ಇದನ್ನೇ ಸ್ಟೋರೇಜ್ ನೆಟ್‌ವರ್ಕ್ ಅನ್ನುವುದು. ಸರ್ವರ್ 'ಈ ಖಾತೆಯ ವಿವರ ಕೊಡು' ಎಂದು ಕೇಳುತ್ತದೆ. ಪೆಟ್ಟಿಗೆ ಹುಡುಕಿ ಕಳಿಸುತ್ತದೆ. ಕೇಳಿದ್ದಕ್ಕೂ ಬಂದದ್ದಕ್ಕೂ ನಡುವಿನ ಹೊತ್ತಿದೆಯಲ್ಲ, ಅದೇ ನನ್ನ ಹೊಟ್ಟೆಪಾಡು.

ಈ ಅಳತೆಗೆ ಬೆಂಚ್‌ಮಾರ್ಕ್ ಎಂಬ ಹೆಸರು ಬಂದದ್ದು ಭೂಮಾಪಕರಿಂದ. ಅವರು ಕಲ್ಲಿನ ಮೇಲೆ ಅಡ್ಡ ಗೆರೆಯೊಂದನ್ನು ಕೊರೆದು, ಅದರಲ್ಲಿ ಕಬ್ಬಿಣದ ಪಟ್ಟಿ ಸಿಕ್ಕಿಸಿ, ಅಳತೆಗೋಲು ಕೂರಿಸಲು ಬೆಂಚು ಮಾಡಿಕೊಳ್ಳುತ್ತಿದ್ದರು. ಮತ್ತೆ ಯಾವಾಗ ಬಂದರೂ ಕೋಲು ಅದೇ ಎತ್ತರದಲ್ಲಿ ನಿಲ್ಲಬೇಕು ಎಂಬುದು ಉದ್ದೇಶ. ಆ ಕಲ್ಲಿನ ಗೆರೆ ಯಾರ ಪರವೂ ಅಲ್ಲ. ನಮ್ಮ ಕ್ಷೇತ್ರದ ಬೆಂಚ್‌ಮಾರ್ಕಿಗೆ ಅಂಥ ಭಾಗ್ಯವಿಲ್ಲ. ಇಲ್ಲಿ ಗೆರೆ ಕೊರೆಯುವವರೂ ಮಾರುವವರೂ ಎಷ್ಟೋ ಸಲ ಒಬ್ಬರೇ.

ಅಳೆಯುವುದು ಏನನ್ನು? ಒಂದು ದರ್ಶಿನಿಯ ಕಾಫಿ ಕೌಂಟರ್ ನೆನೆಸಿಕೊಳ್ಳಿ. ನಿಮಿಷಕ್ಕೆ ಎಷ್ಟು ಲೋಟ ಕಾಫಿ ಹೋಗುತ್ತದೆ ಎಂಬುದು ಒಂದು ಲೆಕ್ಕ. ಒಬ್ಬ ಗಿರಾಕಿ ಬಿಲ್ಲು ಕೊಟ್ಟ ಮೇಲೆ ಎಷ್ಟು ಹೊತ್ತು ನಿಲ್ಲಬೇಕು ಎಂಬುದು ಇನ್ನೊಂದು. ಇವೆರಡೂ ಒಂದೇ ಎಂದು ಬಹಳ ಜನ ತಿಳಿದಿರುತ್ತಾರೆ. ಕಾಫಿ ಹಾಕುವವನು ನಿಮಿಷಕ್ಕೆ 12 ಲೋಟ ಕೊಡಬಲ್ಲ ಎಂದಿಟ್ಟುಕೊಳ್ಳಿ. ಎದುರಿಗೆ 24 ಜನ ನಿಂತಿದ್ದರೆ ಕೊನೆಯವರಿಗೆ ಎರಡು ನಿಮಿಷ. 48 ಜನ ನಿಂತರೆ ನಾಲ್ಕು ನಿಮಿಷ. ಲೋಟಗಳ ಸಂಖ್ಯೆ ಮಾತ್ರ ಆಗಲೂ 12, ಈಗಲೂ 12. ಹೋಟೆಲಿನವರು 'ನಮ್ಮಲ್ಲಿ ಗಂಟೆಗೆ 720 ಕಾಫಿ' ಎಂದು ಬೋರ್ಡು ಹಾಕಿದರೆ ಅದು ಸುಳ್ಳಲ್ಲ. ನಿಂತವರ ಕಾಲು ನೋವಿನ ಬಗ್ಗೆ ಅದರಲ್ಲಿ ಏನೂ ಇಲ್ಲ, ಅಷ್ಟೆ. ಸಾಲಿನ ಉದ್ದ, ಬರುವವರ ವೇಗ, ಕಾಯುವ ಹೊತ್ತು ಇವುಗಳ ನಡುವಿನ ಈ ನಂಟನ್ನು ಜಾನ್ ಲಿಟಲ್ ಎಂಬುವರು 1961ರಲ್ಲಿ ಗಣಿತವಾಗಿ ಸಾಧಿಸಿ ತೋರಿಸಿದರು. ನಮ್ಮ ಇಡೀ ಕಸುಬು ಆ ಒಂದು ಸಾಲಿನ ಸೂತ್ರದ ಮೇಲೆ ನಿಂತಿದೆ.

ಸ್ಟೋರೇಜ್ ಮಾರುವ ಜಾಹೀರಾತುಗಳಲ್ಲಿ 'ಸೆಕೆಂಡಿಗೆ ಹತ್ತು ಲಕ್ಷ ಕೋರಿಕೆ' ಎಂದಿರುತ್ತದೆ. ಹೊಸಬರು ಬೆರಗಾಗುತ್ತಾರೆ. ನಾನು ಮೊದಲು ಕೇಳುವುದು, ಆಗ ಸಾಲಿನಲ್ಲಿ ಎಷ್ಟು ಜನ ನಿಂತಿದ್ದರು ಎಂದು.

ಅಳತೆಗೆ ಕೆಲವು ಗಟ್ಟಿ ಎಲ್ಲೆಗಳಿವೆ. ನಿಮಿಷಕ್ಕೆ 15,000 ಸುತ್ತು ತಿರುಗುವ ಹಳೆಯ ಕಾಲದ ವೇಗದ ಡಿಸ್ಕನ್ನೇ ತೆಗೆದುಕೊಳ್ಳಿ. ಒಂದು ಸುತ್ತಿಗೆ 4 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಸಾವಿರದ ನಾಲ್ಕು ಭಾಗ. ಬೇಕಾದ ಜಾಗ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, 2 ಮಿಲಿಸೆಕೆಂಡ್. ಮುಳ್ಳು ಹೊತ್ತ ತೋಳು ಸರಿದು ನಿಲ್ಲಲು ಇನ್ನೊಂದು ಮೂರು ನಾಲ್ಕು. ಹೀಗಾಗಿ ಅಲ್ಲಲ್ಲಿ ಚೆದುರಿದ ಕೋರಿಕೆಗಳಾದರೆ ಒಂದು ಡಿಸ್ಕು ಸೆಕೆಂಡಿಗೆ ಇನ್ನೂರರ ಒಳಗೇ ಉತ್ತರಿಸುತ್ತದೆ. ಈಗಿನ ಫ್ಲ್ಯಾಶ್ ಡಿಸ್ಕುಗಳಲ್ಲಿ ತಿರುಗುವುದೇ ಇಲ್ಲ, ಉತ್ತರ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದ ಸುಮಾರಿಗೆ ಬಂದುಬಿಡುತ್ತದೆ. ಆದರೆ ಗಾಜಿನ ಎಳೆಯಲ್ಲಿ ಬೆಳಕು ಒಂದು ಕಿಲೋಮೀಟರಿಗೆ ಸುಮಾರು 5 ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತದೆ, ಅದನ್ನು ಯಾರೂ ಕಡಿಮೆ ಮಾಡಲಾರರು. ಬೆಂಗಳೂರಿನಲ್ಲಿ ಬರೆದದ್ದು ಮೈಸೂರಿನ ಇನ್ನೊಂದು ಪೆಟ್ಟಿಗೆಯಲ್ಲೂ ದಾಖಲಾಗಿ ಒಪ್ಪಿಗೆ ಬರಬೇಕು ಎಂದರೆ ಹೋಗಿ ಬರುವುದಕ್ಕೇ ಸುಮಾರು ಒಂದೂವರೆ ಮಿಲಿಸೆಕೆಂಡ್ ಬೇಕು. ಎಷ್ಟು ಕೋಟಿ ಸುರಿದರೂ ಆ ದಾರಿ ಕಡಿಮೆಯಾಗುವುದಿಲ್ಲ.

ಈ ಎಲ್ಲೆಗಳ ಒಳಗೆ ಚಂದದ ಸಂಖ್ಯೆ ತೆಗೆಯುವ ಕಲೆಯೊಂದಿದೆ. ಅದರಲ್ಲಿ ಒಂದೂ ಸುಳ್ಳಲ್ಲ ಎಂಬುದೇ ಅದರ ವಿಶೇಷ. ಪರೀಕ್ಷೆಗೆ ಪುಟ್ಟ ಕಡತವನ್ನಷ್ಟೇ ಕೊಟ್ಟರೆ ಅದೆಲ್ಲ ಪೆಟ್ಟಿಗೆಯ ನೆನಪಿನ ಭಾಗದಲ್ಲೇ ಕೂರುತ್ತದೆ, ಡಿಸ್ಕಿನವರೆಗೆ ಹೋಗುವ ಪ್ರಮೇಯವೇ ಬರುವುದಿಲ್ಲ. ಹೊಚ್ಚ ಹೊಸ ಫ್ಲ್ಯಾಶ್ ಡಿಸ್ಕಿನ ಮೇಲೆ ಅಳೆದರೆ ಬರೆಯುವ ವೇಗ ಅದ್ಭುತ. ಒಮ್ಮೆ ಪೂರ್ತಿ ತುಂಬಿ, ಅಳಿಸಿ ಬರೆಯುವ ಕೆಲಸ ಶುರುವಾದ ಮೇಲೆ ಅದರ ನಿಜವಾದ ನಡಿಗೆ ಗೊತ್ತಾಗುತ್ತದೆ. ಬರೀ ಸೊನ್ನೆಗಳನ್ನೇ ಬರೆಯಲು ಹೇಳಿದರೆ, ಮಾಹಿತಿಯನ್ನು ಅಡಕಗೊಳಿಸುವ ಪೆಟ್ಟಿಗೆ ಅದನ್ನು ಬರೆಯುವ ತೊಂದರೆಯನ್ನೇ ತೆಗೆದುಕೊಳ್ಳದೆ ಇರಬಹುದು. ಹತ್ತು ನಿಮಿಷ ಅಳೆದು ನಿಲ್ಲಿಸಿದರೆ ಹನ್ನೊಂದನೇ ನಿಮಿಷದಲ್ಲಿ ಆಗುವುದು ಕಾಣಿಸುವುದಿಲ್ಲ. ಐಓಮೀಟರ್, ಎಫ್‌ಐಓ ಎಂಬ ಪುಕ್ಕಟೆ ತಂತ್ರಾಂಶಗಳಿವೆ, ಯಾರು ಬೇಕಾದರೂ ಅಳೆಯಬಹುದು. ಅವು ನೀವು ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡುತ್ತವೆ. ನೀವು ಯಾವ ಪ್ರಶ್ನೆ ಕೇಳದೆ ಬಿಟ್ಟಿರಿ ಎಂದು ಹೇಳುವುದಿಲ್ಲ.

ಇದು ಹೊಸ ಜಗಳವೇನಲ್ಲ. 1985ರಲ್ಲಿ 'ಡೇಟಾಮೇಶನ್' ಎಂಬ ಅಮೆರಿಕದ ಪತ್ರಿಕೆಯಲ್ಲಿ ಹೆಸರಿಲ್ಲದ ಲೇಖಕರ ಲೇಖನವೊಂದು ಬಂತು. ಅದರ ಹಿಂದಿದ್ದವರು ಜಿಮ್ ಗ್ರೇ ಎಂಬ ವಿಜ್ಞಾನಿ. ಅವರು ಊಹಿಸಿದ್ದು ಒಂದು ಬ್ಯಾಂಕನ್ನು: ಸಾವಿರ ಶಾಖೆ, ಹತ್ತು ಸಾವಿರ ಕೌಂಟರ್, ಒಂದು ಕೋಟಿ ಖಾತೆ. ಪ್ರತಿ ಕೌಂಟರಿನಲ್ಲಿ ನೂರು ಸೆಕೆಂಡಿಗೆ ಒಬ್ಬ ಗಿರಾಕಿ ಹಣ ಕಟ್ಟುತ್ತಾನೆ ಅಥವಾ ತೆಗೆಯುತ್ತಾನೆ. ನೂರರಲ್ಲಿ 95 ವ್ಯವಹಾರಗಳಿಗೆ ಒಂದು ಸೆಕೆಂಡಿನೊಳಗೆ ಉತ್ತರ ಬರಬೇಕು. ಆ ಷರತ್ತಿನೊಳಗೆ ನಿಮ್ಮ ಯಂತ್ರ ಎಷ್ಟು ವ್ಯವಹಾರ ಮುಗಿಸುತ್ತದೆ ಹೇಳಿ ಎಂಬುದು ಅವರ ಸವಾಲು. ಕಂಪನಿಗಳು ಈ ಪರೀಕ್ಷೆಯನ್ನು ಎತ್ತಿಕೊಂಡವು. ಎತ್ತಿಕೊಂಡು ಏನು ಮಾಡಿದವು ನೋಡಿ: ಕೌಂಟರುಗಳನ್ನು ತೆಗೆದವು, ಗಿರಾಕಿಗಳನ್ನು ತೆಗೆದವು, ನೂರು ಸೆಕೆಂಡಿನ ಬಿಡುವನ್ನೂ ತೆಗೆದವು. ಲೆಕ್ಕವನ್ನಷ್ಟೇ ಒಂದೇ ಸಮನೆ ಓಡಿಸಿ ದೊಡ್ಡ ದೊಡ್ಡ ಸಂಖ್ಯೆಗಳನ್ನು ಪ್ರಕಟಿಸಿದವು. ಈ ಗದ್ದಲಕ್ಕೆ ಕಡಿವಾಣ ಹಾಕಲು 1988ರಲ್ಲಿ ಟಿಪಿಸಿ ಎಂಬ ಮಂಡಳಿ ಹುಟ್ಟಿತು.

ಆ ಮಂಡಳಿ 1992ರಲ್ಲಿ ಹೊರತಂದ ಟಿಪಿಸಿ-ಸಿ ಎಂಬ ಪರೀಕ್ಷೆಯ ನಿಯಮಪುಸ್ತಕವನ್ನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಓದಿದೆ. ಓದುತ್ತಾ ಹೋದಂತೆ ಕಾದಂಬರಿಯೊಂದರ ಟಿಪ್ಪಣಿ ಪುಸ್ತಕ ಓದಿದ ಹಾಗಾಯಿತು. ಅದರಲ್ಲಿ ಒಬ್ಬ ಸಗಟು ವ್ಯಾಪಾರಿ ಇದ್ದಾನೆ. ಅವನಿಗೆ ಗೋದಾಮುಗಳು, ಪ್ರತಿ ಗೋದಾಮಿಗೆ ಹತ್ತು ಜಿಲ್ಲೆಗಳು, ಜಿಲ್ಲೆಗೆ 3,000 ಗಿರಾಕಿಗಳು. ಒಂದು ಲಕ್ಷ ಬಗೆಯ ಸಾಮಾನು. ಗಿರಾಕಿಗಳಿಗೆಲ್ಲ ಹೆಸರಿದೆ: ಹತ್ತು ಇಂಗ್ಲಿಷ್ ಉಚ್ಚಾರಖಂಡಗಳಿಂದ ಮೂರು ಮೂರು ಜೋಡಿಸಿದ ಸಾವಿರ ಅಡ್ಡಹೆಸರುಗಳು. 'ಬಾರ್‌ಬಾರ್‌ಬಾರ್' ಎಂಬ ಮನೆತನವೂ ಅದರಲ್ಲಿದೆ. ಹತ್ತರಲ್ಲಿ ಒಬ್ಬ ಗಿರಾಕಿ ಸಾಲಕ್ಕೆ ನಂಬಿಕಸ್ಥನಲ್ಲ. ಹಣ ಕಟ್ಟಲು ಬಂದ ನೂರರಲ್ಲಿ 60 ಜನ ಖಾತೆಯ ನಂಬರ್ ಹೇಳುವುದಿಲ್ಲ, ಹೆಸರಷ್ಟೇ ಹೇಳುತ್ತಾರೆ. ನೂರು ಆರ್ಡರುಗಳಲ್ಲಿ ಒಂದನ್ನು ಬರೆದವನು ಸಾಮಾನಿನ ನಂಬರ್ ತಪ್ಪು ಬರೆದಿರುತ್ತಾನೆ, ಆ ಆರ್ಡರನ್ನು ಪೂರ್ತಿ ರದ್ದು ಮಾಡಬೇಕು. ಒಂದು ಆರ್ಡರ್ ಟೈಪ್ ಮಾಡಲು 18 ಸೆಕೆಂಡ್, ಬಂದ ಉತ್ತರವನ್ನು ಓದಿ ಯೋಚಿಸಲು ಸರಾಸರಿ 12 ಸೆಕೆಂಡ್. ಈ ಬಿಡುವನ್ನು ತೆಗೆಯುವಂತಿಲ್ಲ. ಇದರಿಂದಾಗಿ ಒಂದು ಗೋದಾಮಿನಿಂದ ನಿಮಿಷಕ್ಕೆ 13 ಆರ್ಡರೂ ದಾಟುವುದಿಲ್ಲ. ಸಂಖ್ಯೆ ದೊಡ್ಡದಾಗಬೇಕಾದರೆ ಗೋದಾಮುಗಳು ಹೆಚ್ಚಬೇಕು, ಜನ ಹೆಚ್ಚಬೇಕು, ಡಿಸ್ಕಿನಲ್ಲಿ ಮಾಹಿತಿ ಹೆಚ್ಚಬೇಕು.

ನಮ್ಮ ತಂದೆ ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದವರು. ಒಮ್ಮೆ ಊರಿಗೆ ಹೋದಾಗ ಅವರಿಗೆ ಇದನ್ನೆಲ್ಲ ಹೇಳಿದೆ. ಅವರಿಗೆ ಕಂಪ್ಯೂಟರ್ ಗೊತ್ತಿಲ್ಲ, ಸಗಟು ವ್ಯಾಪಾರ ಗೊತ್ತು. 'ಹೆಸರು ಹೇಳಿಕೊಂಡು ಬರೋರೇ ಜಾಸ್ತಿ ಅಂತ ಬರೆದಿದಾರಾ? ಹಂಗಾದ್ರೆ ಅದನ್ನ ಬರೆದೋನು ಅಂಗಡಿ ನೋಡಿದಾನೆ ಬಿಡು' ಎಂದರು. ನೂರಕ್ಕೆ ಒಂದು ತಪ್ಪು ಎಂದಾಗ ಮಾತ್ರ ಒಪ್ಪಲಿಲ್ಲ. 'ಬೆಳಿಗ್ಗೆ ಹೊತ್ತು ಒಂದು ಅನ್ನು. ಮಧ್ಯಾಹ್ನ ಊಟ ಆದ್ಮೇಲೆ ಮೂರು ಹಾಕ್ಕೋ ಪುಟ್ಟಿ.' ಆಮೇಲೆ ಕೇಳಿದರು, 'ಸೀಸನ್ನಲ್ಲಿ ಗಾಡಿಗಳೆಲ್ಲ ಒಟ್ಟಿಗೇ ಬಂದು ನಿಂತರೆ ಏನ್ಮಾಡ್ತಾರಂತೆ?' ಆ ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅಲ್ಲಿ ವರ್ಷವಿಡೀ ಒಂದೇ ಕಾಲ.

ಅಪ್ಪನ ಪ್ರಶ್ನೆ ನನ್ನ ಎದುರಿಗೇ ಬಂದು ನಿಂತದ್ದು ಕೆಲವು ವರ್ಷಗಳ ಮೇಲೆ, ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಪಟ್ಟಣದಲ್ಲಿ. ಅಲ್ಲಿನ ಸಹಕಾರಿ ಬ್ಯಾಂಕೊಂದು ಹೊಸ ಸ್ಟೋರೇಜ್ ಹಾಕಿಸಿತ್ತು. ಅದನ್ನು ಕೊಡುವ ಮೊದಲು ಅಳೆದ ವರದಿಯಲ್ಲಿ ಎಲ್ಲವೂ ಸೊಗಸಾಗಿತ್ತು. ಆದರೆ ತಿಂಗಳ ಮೊದಲ ದಿನಗಳಲ್ಲಿ, ಪಿಂಚಣಿಯವರು ಬರುವ ಹೊತ್ತಿಗೆ, ಕೌಂಟರಿನ ಪರದೆ ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತಿಗೆ ತಾನೇ ಸರಿಹೋಗುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ನಾನಾಗ ಇದ್ದ ಸಂಸ್ಥೆಯಿಂದ ನನ್ನನ್ನು ಕಳಿಸಿದರು. 'ನೀವೇ ನೋಡಿ ಮೇಡಂ' ಎಂದು ಮ್ಯಾನೇಜರ್ ತಿಂಗಳಿಡೀ ತೆಗೆದಿಟ್ಟ ಅಂಕಿಗಳನ್ನು ಮುಂದಿಟ್ಟರು. ಐದೈದು ನಿಮಿಷಕ್ಕೊಂದು ಸರಾಸರಿ. ಎಲ್ಲಿ ನೋಡಿದರೂ ಎರಡು ಮೂರು ಮಿಲಿಸೆಕೆಂಡ್. ಕಾಗದದ ಮೇಲೆ ಆ ಬ್ಯಾಂಕಿಗೆ ಯಾವ ಕಾಯಿಲೆಯೂ ಇರಲಿಲ್ಲ.

ಹೊರಗೆ ಬೆಂಚಿನ ಮೇಲೆ ಟೋಕನ್ ಹಿಡಿದು ಕೂತಿದ್ದ ನಿವೃತ್ತ ಮೇಷ್ಟ್ರೊಬ್ಬರು ನನ್ನನ್ನು ಕರೆದು, 'ನೀನು ಕಂಪ್ಯೂಟರ್ ರಿಪೇರಿಯವಳೇನಮ್ಮ?' ಎಂದರು. ಹೌದೆಂದೆ. 'ಹಿಂದೆ ಲೆಡ್ಜರ್ ಇತ್ತು. ಆಗಲೂ ನಿಧಾನವೇ. ಆದ್ರೆ ಎಷ್ಟು ನಿಧಾನ ಅಂತ ಮೊದಲೇ ಗೊತ್ತಿರ್ತಿತ್ತು, ಆಚೆ ಹೋಗಿ ತರಕಾರಿ ತಗೊಂಡು ಬರಬಹುದಿತ್ತು. ಈಗ ಎದ್ದು ಹೋದ್ರೆ ಅಷ್ಟರಲ್ಲಿ ನಮ್ಮ ನಂಬರ್ ಕೂಗಿಬಿಡ್ತಾರೆ, ಕೂತ್ರೆ ಒಂದು ಗಂಟೆ ಆದರೂ ಕೂಗಲ್ಲ.' ಅವರ ಪಕ್ಕದಲ್ಲಿ ಕೂತ ಅಜ್ಜಿಯೊಬ್ಬರಿಗೆ ಹನ್ನೆರಡೂವರೆಯ ಬಸ್ಸು ತಪ್ಪಿದರೆ ಮುಂದಿನದು ಸಂಜೆಗೇ. ನಾನು ಲ್ಯಾಬಿನಲ್ಲಿ ಅಲ್ಲಿಯವರೆಗೆ ಅಳೆದ ಯಾವ ಅಳತೆಯಲ್ಲೂ ಬಸ್ಸು ಇರಲಿಲ್ಲ.

ಸರಾಸರಿಗೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಸಾವಿರ ಕೋರಿಕೆಗಳಲ್ಲಿ 999ಕ್ಕೆ ಒಂದು ಮಿಲಿಸೆಕೆಂಡಿನಲ್ಲಿ ಉತ್ತರ ಬಂತು, ಒಂದಕ್ಕೆ ಮಾತ್ರ ಎರಡು ಸೆಕೆಂಡ್ ಹಿಡಿಯಿತು. ಒಟ್ಟು 2,999 ಮಿಲಿಸೆಕೆಂಡ್, ಸರಾಸರಿ ಸುಮಾರು 3. ಎರಡು ಸಾವಿರ ಮಿಲಿಸೆಕೆಂಡಿನ ಆ ಕಾಯುವಿಕೆ 3 ಎಂಬ ಅಂಕಿಯೊಳಗೆ ಮುಳುಗಿಹೋಯಿತು. 'ಸಾವಿರದಲ್ಲಿ ಒಂದು ತಾನೇ' ಎನ್ನಬಹುದು. ಆದರೆ ಒಬ್ಬರ ಖಾತೆ ತೆರೆಯಲು ಸರ್ವರ್ ಒಂದೇ ಸಲ ಕೇಳುವುದಿಲ್ಲ. ಹೆಸರು, ಸಹಿ, ಹಿಂದಿನ ವ್ಯವಹಾರ, ಸಾಲ, ಜಾಮೀನು ಎಂದು ನೂರು ಸಲ ಕೇಳಬಹುದು. ಸಾವಿರದಲ್ಲಿ ಒಂದು ನಿಧಾನವಾದರೆ, ನೂರು ಸಲ ಕೇಳಿದಾಗ ಒಂದಾದರೂ ಸಿಕ್ಕಿಬೀಳುವ ಸಾಧ್ಯತೆ ನೂರಕ್ಕೆ ಒಂಬತ್ತೂವರೆ. ನೂರರಲ್ಲಿ ಒಂದು ನಿಧಾನವಾದರೆ ಸಾಧ್ಯತೆ 63ಕ್ಕೆ ಏರುತ್ತದೆ. ಅಂದರೆ ಯಂತ್ರದ ಲೆಕ್ಕದಲ್ಲಿ ಅಪರೂಪವಾದದ್ದು ಕೌಂಟರಿನ ಎದುರು ನಿಂತ ಮನುಷ್ಯರ ಲೆಕ್ಕಕ್ಕೆ ಬರುವಷ್ಟರಲ್ಲಿ ದಿನನಿತ್ಯದ ಮಾತಾಗಿರುತ್ತದೆ.

ಐದು ನಿಮಿಷದ ಸರಾಸರಿ ಬಿಟ್ಟು ಒಂದೊಂದೇ ಕೋರಿಕೆಯನ್ನು ಅಳೆಯತೊಡಗಿದೆವು. ಎರಡು ದಿನಕ್ಕೆ ಕಾರಣ ಸಿಕ್ಕಿತು. ಈ ಜಾಲದಲ್ಲಿ ಮಾಹಿತಿ ಕಳಿಸುವುದಕ್ಕೆ ಒಂದು ಶಿಸ್ತಿದೆ. ಪಡೆಯುವವನು 'ಇಷ್ಟು ಕಂತು ಇಳಿಸಲು ನನ್ನಲ್ಲಿ ಜಾಗವಿದೆ' ಎಂದು ಮೊದಲೇ ಹೇಳಿರುತ್ತಾನೆ. ಒಂದು ಇಳಿಸಿಕೊಂಡ ಮೇಲೆ 'ಇನ್ನೊಂದು ಬರಲಿ' ಎನ್ನುತ್ತಾನೆ. ಹೇಳುವವರೆಗೆ ಕಳಿಸುವವನು ಕಾಯಬೇಕು. ಇದರಿಂದ ದಾರಿಯಲ್ಲಿ ಏನೂ ಚೆಲ್ಲುವುದಿಲ್ಲ. ಆ ಬ್ಯಾಂಕಿನ ಹೊಸ ಸರ್ವರುಗಳ ನಡುವೆ ಒಂದು ಹಳೆಯ ಸರ್ವರ್ ಉಳಿದುಕೊಂಡಿತ್ತು. ಹಿಂದಿನ ತಿಂಗಳ ವರದಿಗಳನ್ನು ತೆಗೆಯುವುದು ಅದರ ಕೆಲಸ. ತಿಂಗಳ ಒಂದನೇ ತಾರೀಕು ಬೆಳಿಗ್ಗೆ ಯಾರೋ ವರದಿ ಕೇಳುತ್ತಿದ್ದರು. ಅದು ರಾಶಿ ಮಾಹಿತಿ ತರಿಸಿಕೊಂಡು, ಇಳಿಸಿಕೊಳ್ಳಲಾಗದೆ ತಿಣುಕುತ್ತಿತ್ತು. ಅದರ ಕಂತುಗಳು ಎರಡು ಸ್ವಿಚ್ಚುಗಳ ನಡುವಿನ ದಾರಿಯಲ್ಲಿ ನಿಂತುಬಿಡುತ್ತಿದ್ದವು. ಅದೇ ದಾರಿಯಲ್ಲಿ ಬರಬೇಕಿದ್ದ ಮೇಷ್ಟ್ರ ಖಾತೆಯೂ ಹಿಂದೆ ನಿಲ್ಲುತ್ತಿತ್ತು. ಮಂಡಿಯ ಗೇಟಿನಲ್ಲಿ ಒಂದು ಲಾರಿಗೆ ಹಮಾಲರು ಸಿಗದೆ ನಿಂತರೆ ಹಿಂದಿನ ಗಾಡಿಗಳೆಲ್ಲ ನಿಲ್ಲುವುದಿಲ್ಲವೇ, ಹಾಗೆ. ಹಿಂದಿನ ಗಾಡಿಯವರಿಗೆ ಆ ಲಾರಿಯ ಜೊತೆ ಯಾವ ವ್ಯವಹಾರವೂ ಇರುವುದಿಲ್ಲ.

ಹಳೆಯ ಸರ್ವರಿಗೆ ಬೇರೆ ದಾರಿ ಮಾಡಿಕೊಟ್ಟ ಮೇಲೆ ಕೌಂಟರುಗಳು ನಿಲ್ಲುವುದು ನಿಂತಿತು. ಖರ್ಚಾದದ್ದು ಒಂದೆರಡು ಕೇಬಲ್ಲು. ಆದರೆ ಲ್ಯಾಬಿನ ವರದಿಗೆ ಅದೇಕೆ ಕಾಣಲಿಲ್ಲ ಎಂಬ ಪ್ರಶ್ನೆ ಉಳಿಯಿತು. ಉತ್ತರ ಸರಳ. ಲ್ಯಾಬಿನಲ್ಲಿ ಇದ್ದ ಸರ್ವರುಗಳೆಲ್ಲ ಹೊಸವು, ಎಲ್ಲವೂ ಒಂದೇ ವೇಗದವು. ಅಲ್ಲಿ ಯಾರಿಗೂ ವಯಸ್ಸಾಗಿರಲಿಲ್ಲ.

ಆಮೇಲಿನ ವರದಿಗಳಲ್ಲಿ ಸರಾಸರಿಯ ಪಕ್ಕದಲ್ಲೇ ಇನ್ನೆರಡು ಕಾಲಂ ಇರಬೇಕೆಂದು ನಾನು ಹಟ ಹಿಡಿದೆ: ನೂರರಲ್ಲಿ 99 ಕೋರಿಕೆಗಳಿಗೆ ಎಷ್ಟು ಹೊತ್ತಿನೊಳಗೆ ಉತ್ತರ ಬಂತು, ಸಾವಿರದಲ್ಲಿ 999ಕ್ಕೆ ಎಷ್ಟು ಹೊತ್ತಿನೊಳಗೆ. ಪ್ರವೇಶ ಪರೀಕ್ಷೆ ಬರೆದ ವಿದ್ಯಾರ್ಥಿಗಳಿಗೆ ಪರ್ಸೆಂಟೈಲ್ ಎಂಬ ಪದ ಚೆನ್ನಾಗಿ ಗೊತ್ತು. ಅಲ್ಲಿ ಅದು ಮುಂದೆ ನಿಂತವರನ್ನು ಆರಿಸಲು ಬಳಕೆಯಾಗುತ್ತದೆ, ಇಲ್ಲಿ ಹಿಂದೆ ಉಳಿದವರನ್ನು ಹುಡುಕಲು. ಮಾರಾಟ ವಿಭಾಗದ ಗೆಳೆಯನೊಬ್ಬ ಬೇಸರದಿಂದಲೇ ಹೇಳಿದ: 'ಎದುರು ಪಾರ್ಟಿಯವರು 0.4 ಅಂತ ಒಂದೇ ನಂಬರ್ ತೋರಿಸ್ತಾರೆ. ನೀನು 0.4, 9, 140 ಅಂತ ಮೂರು ಬರೀತೀಯ. ಟೆಂಡರ್ ನೋಡೋರ ಕಣ್ಣಿಗೆ ಯಾವುದು ಬೀಳುತ್ತೆ ಹೇಳು?' ಅವನ ಮಾತು ಸುಳ್ಳಲ್ಲ. ಎದುರು ಪಾರ್ಟಿಯ ಪೆಟ್ಟಿಗೆಯಲ್ಲಿ ಆ 140 ಇನ್ನೂ ದೊಡ್ಡದಿರಬಹುದು, ಆದರೆ ಅವರು ಅದನ್ನು ಬರೆದಿಲ್ಲ. ನಿಜ ಬರೆದವರೇ ಕೆಟ್ಟವರಾಗಿ ಕಾಣುವ ಆಟ ಅದು. ಅಂಥ ಎರಡು ಟೆಂಡರುಗಳು ಕೈತಪ್ಪಿದವು. ಆ ವರ್ಷ ನಮ್ಮ ತಂಡದ ಮೀಟಿಂಗುಗಳಲ್ಲಿ ನನ್ನ ಕಾಲಂಗಳ ಮಾತು ಬಂದಾಗಲೆಲ್ಲ ಎಲ್ಲರೂ ನೀರು ಕುಡಿಯುತ್ತಿದ್ದರು. ಕೊನೆಗೆ ಒಂದು ರಾಜಿಯಾಯಿತು. ಮೊದಲ ಪುಟದಲ್ಲಿ ಸರಾಸರಿ, ಎರಡನೇ ಪುಟದಲ್ಲಿ ಉಳಿದೆರಡು. ಇವತ್ತಿಗೂ ಅವು ಎರಡನೇ ಪುಟದಲ್ಲೇ ಇವೆ. ಮೊದಲ ಪುಟಕ್ಕೆ ಬಂದಿಲ್ಲ.

ನಿಯಮ ಮಾಡುವವರಿಗೂ ಇದು ಸುಲಭವಾಗಿರಲಿಲ್ಲ ಅನ್ನುವುದು ನನಗೆ ಸ್ವಲ್ಪ ಸಮಾಧಾನ. ಆ ಟಿಪಿಸಿ-ಸಿಯಲ್ಲೂ ಆರ್ಡರುಗಳ ಪೈಕಿ ನೂರರಲ್ಲಿ 90ಕ್ಕೆ ಐದು ಸೆಕೆಂಡಿನೊಳಗೆ ಉತ್ತರ ಬಂದರೆ ಸಾಕು. ಉಳಿದ ಹತ್ತು ಜನ ಎಷ್ಟು ಹೊತ್ತು ಕಾದರು ಎಂಬುದರ ಮೇಲೆ ಅಷ್ಟೊಂದು ಬಿಗಿಯಿಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಎಳೆದ ಗೆರೆಯ ಆಚೆ ಯಾರೋ ಉಳಿಯುತ್ತಾರೆ. ಗ್ರೇ ಅವರು ಗೆರೆಯನ್ನು 95ಕ್ಕೆ ಎಳೆದಿದ್ದರು, ಒಂದೇ ಸೆಕೆಂಡಿಗೆ. ಅವರು 2007ರ ಜನವರಿಯಲ್ಲಿ, ತಾಯಿಯ ಚಿತಾಭಸ್ಮ ವಿಸರ್ಜಿಸಲು ಸ್ಯಾನ್ ಫ್ರಾನ್ಸಿಸ್ಕೋದಿಂದ ಒಬ್ಬರೇ ಹಾಯಿದೋಣಿಯಲ್ಲಿ ಸಮುದ್ರಕ್ಕೆ ಹೋದವರು ಹಿಂತಿರುಗಲಿಲ್ಲ. ಸಾವಿರಾರು ಜನ ತಮ್ಮ ತಮ್ಮ ಮನೆಯಲ್ಲಿ ಕೂತು ಉಪಗ್ರಹದ ಚಿತ್ರಗಳನ್ನು ಹಂಚಿಕೊಂಡು ಆ ದೋಣಿಗಾಗಿ ಹುಡುಕಿದರು. ಸಿಗಲಿಲ್ಲ. ಅವರ ಲೇಖನವನ್ನು ನಮ್ಮ ತಂಡಕ್ಕೆ ಸೇರುವ ಹುಡುಗರಿಗೆ ನಾನು ಮೊದಲ ವಾರವೇ ಓದಲು ಕೊಡುತ್ತೇನೆ. ಅದರ ಅಂಕಿಗಳೆಲ್ಲ ಹಳೆಯವು. ಆದರೆ ಯಂತ್ರ ಅಳೆಯುವ ಲೇಖನದಲ್ಲಿ ಕೌಂಟರಿನ ಮುಂದೆ ನಿಂತ ಗಿರಾಕಿಯ ನೂರು ಸೆಕೆಂಡನ್ನು ಬರೆದಿಟ್ಟದ್ದು ಹಳೆಯದಾಗಿಲ್ಲ.

ನಮ್ಮ ಕರ್ನಾಟಕದ ಮಳೆಯ ಸರಾಸರಿ ಹೇಳುವಾಗ ಆಗುಂಬೆಯೂ ಚಳ್ಳಕೆರೆಯೂ ಒಂದೇ ಅಂಕಿಯೊಳಗೆ ಸೇರಿಹೋಗುತ್ತವೆ. ಆ ಅಂಕಿಯನ್ನು ನಂಬಿ ಚಳ್ಳಕೆರೆಯಲ್ಲಿ ಯಾರೂ ಅಡಿಕೆ ಸಸಿ ನೆಡುವುದಿಲ್ಲ. ರೈತರಿಗೆ ಗೊತ್ತಿರುವ ಈ ಎಚ್ಚರವನ್ನು ಕಂಪ್ಯೂಟರ್ ಕೊಳ್ಳುವ ಕಚೇರಿಗಳಿಗೆ ಕಲಿಸುವುದು ಅಷ್ಟು ಸಲೀಸಲ್ಲ.

ಒಂದು ಬದಲಾವಣೆ ಮಾತ್ರ ಆಗಿದೆ. ಗುಜರಿಗೆ ಹಾಕಲು ಇಟ್ಟಿದ್ದ ಹಳೆಯ ಸರ್ವರೊಂದನ್ನು ಎತ್ತಿಕೊಂಡು ಬಂದು ನಮ್ಮ ಲ್ಯಾಬಿನ ಹೊಸ ಯಂತ್ರಗಳ ಸಾಲಿನಲ್ಲಿ ಕೂರಿಸಿದ್ದೇವೆ. ಹುಡುಗರು ಅದಕ್ಕೆ 'ಅಜ್ಜ' ಎಂದು ಹೆಸರಿಟ್ಟಿದ್ದಾರೆ. ಯಾವ ಪೆಟ್ಟಿಗೆ ಪರೀಕ್ಷೆಗೆ ಬಂದರೂ ಒಂದು ಸುತ್ತು ಅಜ್ಜನ ಜೊತೆ ಓಡಬೇಕು. ಅಜ್ಜ ಇದ್ದಾಗ ಸಂಖ್ಯೆ ಕುಸಿಯುತ್ತದೆ, ಫ್ಯಾನು ಗದ್ದಲ ಮಾಡುತ್ತದೆ, ಅದರ ಬಿಡಿಭಾಗಗಳೂ ಈಗ ಸುಲಭಕ್ಕೆ ಸಿಗುವುದಿಲ್ಲ. ಹೋದ ವಾರ ಅದರ ಪವರ್ ಸಪ್ಲೈ ಸುಟ್ಟಿತು. ಹೊಸದಾಗಿ ಸೇರಿದ ಹುಡುಗಿಯೊಬ್ಬಳು, 'ಇನ್ನು ತೆಗೆದುಬಿಡೋಣವಾ ಮೇಡಂ?' ಎಂದಳು. ಬೇಡ, ಎಸ್‌ಪಿ ರೋಡಿನಲ್ಲಿ ಹಳೇ ಸಾಮಾನು ಮಾರುವವರ ಹತ್ತಿರ ವಿಚಾರಿಸು ಎಂದೆ. ಎರಡು ದಿನ ಅಲೆದು ಹುಡುಕಿ ತಂದಳು.